ಸವಕಳಿ ತಡೆಯುವ ಪ್ಲೇಟಿನ ಬೆಸುಗೆ ಬಿರಿದರೆ: ದೋಷ ಹುಡುಕುವ ಕೈಪಿಡಿ

ಸಂಡೂರು, ಹೊಸಪೇಟೆ, ಬಳ್ಳಾರಿ ಸುತ್ತಿನ ಅದಿರು ಟಿಪ್ಪರ್‌ಗಳ ತೊಟ್ಟಿ, ಎಕ್ಸ್‌ಕವೇಟರ್ ಬಕೆಟ್, ಜಲ್ಲಿ ಕ್ರಷರ್‌ಗಳ ಹಾಪರ್, ಚ್ಯೂಟ್ ಲೈನರ್ (ಅದಿರು ಜಾರುವ ಕಾಲುವೆಯ ಒಳಹೊದಿಕೆ) ಹೀಗೆ ಕಲ್ಲು ಮಣ್ಣು ಉಜ್ಜುವ ಕಡೆಯೆಲ್ಲ ಈಗ ಸವಕಳಿ ತಡೆಯುವ ಗಟ್ಟಿ ಪ್ಲೇಟು ಬಂದಿದೆ. ಪ್ಲೇಟು ಬದಲಾಯಿತು, ಬೆಸುಗೆ ಹಾಕುವ ರೀತಿ ಮಾತ್ರ ಅನೇಕ ಕಡೆ ಮೈಲ್ಡ್ ಸ್ಟೀಲ್ ಕಾಲದ್ದೇ ಉಳಿದಿದೆ. ಇಂದು ಸಂಜೆ ಚೆನ್ನಾಗಿ ಕಂಡ ಬೆಸುಗೆ ನಾಳೆ ಬೆಳಿಗ್ಗೆ ಬಿರಿದಿರುತ್ತದೆ. ಅದನ್ನು ಕೆತ್ತಿ, ಇನ್ನೂ ‘ಶಕ್ತಿಶಾಲಿ’ ರಾಡ್ ತಂದು ಮತ್ತೆ ಹಾಕುತ್ತಾರೆ, ಮತ್ತೆ ಬಿರಿಯುತ್ತದೆ. ಕೊನೆಗೆ ಪ್ಲೇಟೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ.

ಪ್ಲೇಟು ಸರಿಯಿಲ್ಲದಿರುವುದು ಬಹಳ ಅಪರೂಪ. ತೇವ, ಶಾಖ, ಎಳೆತ ಈ ಮೂರರಲ್ಲಿ ಯಾವುದೋ ಒಂದು ಅಳತೆ ತಪ್ಪಿರುತ್ತದೆ. ಯಾವುದು ತಪ್ಪಿದೆ ಎಂಬುದನ್ನು ಬಿರುಕು ಎಲ್ಲಿದೆ, ಯಾವಾಗ ಕಂಡಿತು ಎನ್ನುವುದರಿಂದಲೇ ಬಹುಪಾಲು ಹೇಳಬಹುದು. ಈ ಕೈಪಿಡಿ ಆ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

ಗ್ರೈಂಡರ್ ಹಿಡಿಯುವ ಮೊದಲು

ಬಿರುಕು ಕಂಡ ತಕ್ಷಣ ಗ್ರೈಂಡರ್ ಹಚ್ಚಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬಿರುಕು ಬೆಸುಗೆಯ ನಡುವೆ ಇದೆಯೇ, ಬೆಸುಗೆಯ ಅಂಚಿನಲ್ಲಿದೆಯೇ, ಅಂಚಿನಿಂದ ಕೆಲವು ಮಿಲಿಮೀಟರ್ ಆಚೆ ಪ್ಲೇಟಿನಲ್ಲಿದೆಯೇ, ಅಥವಾ ಗ್ಯಾಸ್ ಕಟಿಂಗ್ ಮಾಡಿದ ಅಂಚಿನಿಂದ ಹೊರಟಿದೆಯೇ ನೋಡಿ. ಬೆಸುಗೆಯ ಉದ್ದಕ್ಕೆ ಓಡಿದೆಯೋ ಅಡ್ಡಕ್ಕೆ ಸೀಳಿದೆಯೋ ಬರೆದುಕೊಳ್ಳಿ. ಕೆಂಪಗಿದ್ದಾಗಲೇ ಬಿರಿಯಿತೇ, ಮರುದಿನ ಕಂಡಿತೇ, ತಿಂಗಳುಗಟ್ಟಲೆ ಓಡಿದ ಮೇಲೆ ಬಂದಿತೇ ಎಂದು ವೆಲ್ಡರ್ ಮತ್ತು ಚಾಲಕ ಇಬ್ಬರನ್ನೂ ಕೇಳಿ. ಬಳಸಿದ ರಾಡಿನ ಪೊಟ್ಟಣ ಎಸೆಯಬೇಡಿ.

ತುಂಡು ಪೂರ್ತಿ ಮುರಿದು ಬಂದಿದ್ದರೆ ಇನ್ನೂ ಒಳ್ಳೆಯದು, ಮುರಿದ ಮುಖ ಸ್ಪಷ್ಟವಾಗಿ ಮಾತಾಡುತ್ತದೆ. ಮುಖ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಲೋಹ ಬಿಸಿಯಿದ್ದಾಗಲೇ ಬಾಯಿ ಬಿಟ್ಟಿದೆ, ಗಾಳಿ ಒಳಗೆ ಹೋಗಿ ಸುಟ್ಟಿದೆ. ಹರಳು ಹರಳಾಗಿ ಹೊಳೆಯುತ್ತಿದ್ದರೆ ತಣ್ಣಗಾದ ಮೇಲೆ ಸೀಳಿದೆ. ನುಣುಪಾಗಿದ್ದು, ಒಂದು ಮೂಲೆಯಿಂದ ಹೊರಟ ಅಲೆಯಂಥ ಬಾಗುಗೆರೆಗಳು ಕಂಡರೆ ಅದು ಪದೇ ಪದೇ ಬಿದ್ದ ಹೊರೆಯಿಂದ ನಿಧಾನವಾಗಿ ಬೆಳೆದ ಬಿರುಕು. ಒಂದು ಭಾಗ ತುಕ್ಕು ಹಿಡಿದು ಉಳಿದದ್ದು ಹೊಸದಾಗಿ ಹೊಳೆಯುತ್ತಿದ್ದರೆ ಬಿರುಕು ಹಳೆಯದು, ಕಣ್ಣಿಗೆ ಬಿದ್ದದ್ದಷ್ಟೇ ಇಂದು.

ಕೈಯಲ್ಲಿರುವುದು ಯಾವ ಉಕ್ಕು?

ಇದನ್ನು ತಿಳಿಯದೆ ಮುಂದಿನ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ. ಗಣಿ, ಕ್ರಷರ್ ಕೆಲಸದಲ್ಲಿ ‘ಗಟ್ಟಿ ಪ್ಲೇಟು’ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳು ಓಡಾಡುತ್ತವೆ.

ಮೊದಲು ಆಯಸ್ಕಾಂತ ಹಚ್ಚಿ. ಹಿಡಿಯದಿದ್ದರೆ ಅಥವಾ ಬಹಳ ಸಡಿಲವಾಗಿ ಹಿಡಿದರೆ ಅದು ಮ್ಯಾಂಗನೀಸ್ ಉಕ್ಕು. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಈ ಉಕ್ಕಿನಲ್ಲಿ ಶೇಕಡ 11ರಿಂದ 14ರಷ್ಟು ಮ್ಯಾಂಗನೀಸ್ ಇರುತ್ತದೆ. ಕ್ರಷರ್‌ನ ದವಡೆ ಪ್ಲೇಟುಗಳು ಸಾಮಾನ್ಯವಾಗಿ ಇದರವೇ. ಇದನ್ನು ಪ್ರೀಹೀಟ್ ಮಾಡಲೇಬಾರದು, ಅಂದರೆ ಬೆಸುಗೆಗೆ ಮೊದಲು ಕಾಯಿಸಲೇಬಾರದು. ಬೆಸುಗೆಯ ಪಕ್ಕದ ಲೋಹ 260 ಡಿಗ್ರಿ ಸೆಲ್ಸಿಯಸ್ ದಾಟದಂತೆ, ಚಿಕ್ಕ ಚಿಕ್ಕ ಸಾಲು ಹಾಕುತ್ತ ತಣಿಸುತ್ತ ಹೋಗಬೇಕು. ಹೆಚ್ಚು ಕಾದರೆ ಕಾರ್ಬೈಡ್ ಹೊರಬಂದು ಗಡಸುತನದ ಜೊತೆಗಿದ್ದ ತಾಳಿಕೆಯೇ ಹೋಗಿ, ಉಕ್ಕು ಪೆಡಸಾಗುತ್ತದೆ. ಮುಂದೆ ಹೇಳುವ ಗಟ್ಟಿ ಪ್ಲೇಟಿಗೆ ಬೇಕಾದದ್ದು ಇದಕ್ಕೆ ನೇರ ವಿರುದ್ಧವಾದ ಉಪಚಾರ. ಈ ಎರಡನ್ನು ಅದಲುಬದಲು ಮಾಡಿದ ಕೆಲಸಗಳಲ್ಲಿ ರಾಡ್ ಎಷ್ಟು ದುಬಾರಿಯದಾದರೂ ಬಿರುಕು ತಪ್ಪುವುದಿಲ್ಲ.

ಆಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಹೊಸ ಅರದಿಂದ ಅಂಚನ್ನು ಉಜ್ಜಿ ನೋಡಿ. ಮೈಲ್ಡ್ ಸ್ಟೀಲ್ ಸಲೀಸಾಗಿ ಸವೆಯುತ್ತದೆ. ಗಟ್ಟಿ ಪ್ಲೇಟಿನ ಮೇಲೆ ಅರ ಜಾರುತ್ತದೆ, ಕಷ್ಟಪಟ್ಟು ಕಚ್ಚುತ್ತದೆ. ಮೇಲ್ಮೈಯಲ್ಲೇ ಬೆಸುಗೆಯ ಸಾಲುಗಳು, ಅವುಗಳಿಗೆ ಅಡ್ಡವಾಗಿ ಕೂದಲೆಳೆಯ ಬಿರುಕುಗಳು ಕಂಡರೆ ಅದು ಕ್ರೋಮಿಯಂ ಕಾರ್ಬೈಡ್ ಪದರ ಹಾಕಿದ ಓವರ್‌ಲೇ ಪ್ಲೇಟು. ಕೆಳಗಿರುವುದು ಮೈಲ್ಡ್ ಸ್ಟೀಲ್. ಅದರ ಜೋಡಣೆಯನ್ನು ಕೆಳಪದರಕ್ಕೆ ಮಾತ್ರ ಮಾಡಬೇಕು, ಗಟ್ಟಿ ಪದರವನ್ನು ಬೆಸುಗೆಯೊಳಗೆ ಕರಗಿಸಬಾರದು.

ಇನ್ನುಳಿದದ್ದೇ ಈ ಕೈಪಿಡಿಯ ವಿಷಯ: ನೀರಿನಲ್ಲಿ ತಟ್ಟನೆ ತಣಿಸಿ ಗಟ್ಟಿಗೊಳಿಸಿದ ಉಕ್ಕು. ಸ್ವೀಡನ್ನಿನ ಎಸ್‌ಎಸ್‌ಎಬಿ ಕಂಪನಿಯ ಹಾರ್ಡಾಕ್ಸ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. ನಮ್ಮ ಸರ್ಕಾರಿ ಉಕ್ಕು ಕಂಪನಿ ಸೇಲ್‌ನ ಸೇಲ್‌ಹಾರ್ಡ್ ಕೂಡ ಸವಕಳಿ ತಡೆಯಲೆಂದೇ ಮಾಡುವ ಪ್ಲೇಟು. ಹೆಸರಿನ ಪಕ್ಕದ 400, 450, 500 ಎಂಬ ಅಂಕಿಗಳು ಬ್ರಿನೆಲ್ ಎಂಬ ಮಾನದಲ್ಲಿ ಅಳೆದ ಗಡಸುತನವನ್ನು ಹೇಳುತ್ತವೆ. 450 ದರ್ಜೆಯೆಂದರೆ 425ರಿಂದ 475ರ ನಡುವೆ. ಮೈಲ್ಡ್ ಸ್ಟೀಲ್‌ನದು ಸುಮಾರು 120ರಿಂದ 150. ಪ್ಲೇಟಿನ ಮೇಲೆ ಒತ್ತಿದ ಅಂಕಿ ಅಳಿಸಿದ್ದರೆ ಕೈಯಲ್ಲಿ ಹಿಡಿಯುವ ಗಡಸುತನ ಮಾಪಕದಿಂದ ಅಳೆಯಿರಿ. ಅಳೆಯುವ ಜಾಗದ ಬಣ್ಣವನ್ನೂ ಮೇಲ್ಪದರವನ್ನೂ ಅರ್ಧ ಮಿಲಿಮೀಟರಿನಷ್ಟು ಉಜ್ಜಿ ತೆಗೆಯದಿದ್ದರೆ ಮಾಪಕ ತಪ್ಪು ಹೇಳುತ್ತದೆ.

ಪ್ಲೇಟಿನಲ್ಲಿ ಯಾವ ಧಾತು ಶೇಕಡ ಎಷ್ಟಿದೆ ಎಂದು ಹೇಳುವ, ಜೊತೆಯಲ್ಲೇ ಬರುವ ಮಿಲ್ ಸರ್ಟಿಫಿಕೇಟನ್ನು ಅನೇಕರು ಬಿಲ್ಲಿನ ಜೊತೆ ಫೈಲಿಗೆ ಹಾಕಿ ಮರೆತುಬಿಡುತ್ತಾರೆ. ಅದನ್ನು ತೆಗೆದು ಇಂಗಾಲ ಸಮಾನಾಂಕ ಲೆಕ್ಕ ಹಾಕಿ: ಇಂಗಾಲದ ಪ್ರಮಾಣಕ್ಕೆ ಮ್ಯಾಂಗನೀಸಿನ ಆರನೆಯ ಒಂದು ಭಾಗ, ಕ್ರೋಮಿಯಂ, ಮಾಲಿಬ್ಡಿನಮ್, ವನೇಡಿಯಂ ಮೂರರ ಮೊತ್ತದ ಐದನೆಯ ಒಂದು ಭಾಗ, ನಿಕಲ್ ಮತ್ತು ತಾಮ್ರದ ಮೊತ್ತದ ಹದಿನೈದನೆಯ ಒಂದು ಭಾಗ ಕೂಡಿಸಬೇಕು. ಉದಾಹರಣೆಗೆ ಇಂಗಾಲ 0.20, ಮ್ಯಾಂಗನೀಸ್ 1.30, ಕ್ರೋಮಿಯಂ 0.60, ಮಾಲಿಬ್ಡಿನಮ್ 0.15, ನಿಕಲ್ 0.10 ಇದ್ದರೆ ಮೊತ್ತ 0.57 ಆಗುತ್ತದೆ. ಮೈಲ್ಡ್ ಸ್ಟೀಲ್‌ಗೆ ಇದು ಹೆಚ್ಚೆಂದರೆ 0.40ರ ಆಸುಪಾಸು. ಈ ಅಂತರವೇ ಹಳೆಯ ಅಭ್ಯಾಸ ಇಲ್ಲಿ ಏಕೆ ಸೋಲುತ್ತದೆ ಎಂಬುದಕ್ಕೆ ಉತ್ತರ: ಅಂಕಿ ಏರಿದಷ್ಟೂ ಬೆಸುಗೆಯ ಪಕ್ಕದ ಲೋಹ ತಣಿಯುವಾಗ ಗಾಜಿನಂತೆ ಪೆಡಸಾಗುವ ಸಾಧ್ಯತೆ ಏರುತ್ತದೆ.

ದೋಷ 1: ಮರುದಿನ ಕಂಡ ಬಿರುಕು, ಬೆಸುಗೆಯ ಅಂಚಿನಲ್ಲಿ ಅಥವಾ ಅಡಿಯಲ್ಲಿ

ಹೆಚ್ಚಿನ ದೂರುಗಳು ಇದೇ ಜಾತಿಯವು, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ. ಬೆಸುಗೆ ಹಾಕಿದಾಗ ಏನೂ ಇರುವುದಿಲ್ಲ. ಕೆಲವು ಗಂಟೆಗಳ ಬಳಿಕ, ಒಮ್ಮೊಮ್ಮೆ ಎರಡು ದಿನ ಕಳೆದ ಮೇಲೆ, ಬೆಸುಗೆಯ ಅಂಚಿಗೆ ಸಮಾನಾಂತರವಾಗಿ ಸಣ್ಣ ಗೆರೆ ಕಾಣುತ್ತದೆ. ಮುರಿದ ಮುಖ ಹೊಳೆಯುತ್ತದೆ. ಇದು ಹೈಡ್ರೋಜನ್ ಬಿರುಕು.

ಇದಕ್ಕೆ ಮೂರು ಒಟ್ಟಿಗೆ ಸೇರಬೇಕು: ಕರಗಿದ ಲೋಹದೊಳಗೆ ಹೊಕ್ಕ ಹೈಡ್ರೋಜನ್, ಪೆಡಸಾದ ಪಕ್ಕದ ವಲಯ, ಮತ್ತು ಬೆಸುಗೆ ಕುಗ್ಗುವಾಗ ಹುಟ್ಟುವ ಎಳೆತ. ಮೂರರಲ್ಲಿ ಒಂದನ್ನು ಚೆನ್ನಾಗಿ ಕಡಿಮೆ ಮಾಡಿದರೂ ಬಿರುಕು ನಿಲ್ಲುತ್ತದೆ. ಹೈಡ್ರೋಜನ್ ಬರುವುದು ತೇವ, ಎಣ್ಣೆ, ಗ್ರೀಸ್, ಬಣ್ಣ, ತುಕ್ಕುಗಳಿಂದ. ಆರ್ಕ್‌ನ (ಬೆಸುಗೆಯ ವಿದ್ಯುತ್ ಕಿಡಿಯ) ಶಾಖಕ್ಕೆ ಅವು ಒಡೆದು ಹೈಡ್ರೋಜನ್ ಪರಮಾಣುಗಳಾಗಿ ಲೋಹಕ್ಕೆ ಇಳಿಯುತ್ತವೆ, ತಣಿದ ಮೇಲೂ ನಿಧಾನವಾಗಿ ಒಳಗೇ ಸರಿದಾಡಿ ಎಳೆತ ಹೆಚ್ಚಿರುವ ಪೆಡಸು ಜಾಗದಲ್ಲಿ ಕೂಡಿಕೊಳ್ಳುತ್ತವೆ. ಆ ಸರಿದಾಟಕ್ಕೆ ಹಿಡಿಯುವ ಹೊತ್ತೇ ಬಿರುಕು ತಡವಾಗಿ ಬರಲು ಕಾರಣ. ಆದ್ದರಿಂದ ಸಂಜೆ ಮುಗಿಸಿ ಸಂಜೆಯೇ ‘ಪಾಸ್’ ಎಂದು ಬರೆಯುವ ತಪಾಸಣೆಗೆ ಬೆಲೆಯಿಲ್ಲ. ಕೊನೆಯ ತಪಾಸಣೆ 48 ಗಂಟೆಗಳ ನಂತರ ನಡೆಯಬೇಕು.

ಮೊದಲು ರಾಡ್ ನೋಡಿ. ಪೊಟ್ಟಣದ ಮೇಲೆ 6013 ಎಂದಿದ್ದರೆ ಹುಡುಕಾಟ ಬಹುತೇಕ ಅಲ್ಲಿಗೇ ಮುಗಿಯಿತು. ಅದು ಗೇಟು, ಕಿಟಕಿ ಗ್ರಿಲ್‌ಗಳಿಗೆ ಒಳ್ಳೆಯ ರಾಡ್. ಹಚ್ಚಲು ಸುಲಭ, ಸಾಲು ಚೆಂದ. ಅದರ ಲೇಪದಲ್ಲಿ ತೇವಾಂಶ ಇರುವಂತೆಯೇ ಮಾಡಿರುತ್ತಾರೆ, ಹಾಗಾಗಿ ಎಷ್ಟು ಒಣಗಿಸಿದರೂ ಈ ಪ್ಲೇಟಿಗೆ ಆಗದು. ಬೇಕಾದದ್ದು ಬೇಸಿಕ್ ಲೇಪದ 7018, ಅದರಲ್ಲೂ 100 ಗ್ರಾಂ ಬೆಸುಗೆ ಲೋಹಕ್ಕೆ 5 ಮಿಲಿಲೀಟರ್‌ಗಿಂತ ಹೆಚ್ಚು ಹೈಡ್ರೋಜನ್ ಬಿಡದ ದರ್ಜೆ.

7018 ಬಳಸಿಯೂ ಬಿರಿದಿದ್ದರೆ, ರಾಡನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿ. ತೆರೆದ ಪೊಟ್ಟಣದಲ್ಲಿ ಮಳೆಗಾಲ ಕಳೆದ 7018 ಹೆಸರಿಗಷ್ಟೇ ಲೋ ಹೈಡ್ರೋಜನ್. ತಯಾರಕರು ಬೇರೆ ಹೇಳದಿದ್ದರೆ 300ರಿಂದ 350 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಆಮೇಲೆ 100 ಡಿಗ್ರಿಗಿಂತ ಮೇಲಿರುವ ಚಿಕ್ಕ ಓವನ್‌ನಲ್ಲಿಟ್ಟು ಅದರಿಂದಲೇ ಒಂದೊಂದಾಗಿ ತೆಗೆದು ಬಳಸಬೇಕು. ಹೊರಗೆ ತೆಗೆದ ಮೇಲೆ ಸಾಮಾನ್ಯ 7018ಕ್ಕೆ ನಾಲ್ಕು ಗಂಟೆಯ ಆಯುಸ್ಸು. ಜುಲೈ ತಿಂಗಳ ಮಲೆನಾಡು, ಕರಾವಳಿಯ ಗಾಳಿಯಲ್ಲಿ ಅಷ್ಟೂ ಕಾಯಬೇಡಿ. ಒಣಗಿಸಿದ ರಾಡ್ ಮತ್ತೆ ತೇವ ಹಿಡಿದರೆ ಇನ್ನೊಮ್ಮೆ ಮಾತ್ರ ಒಣಗಿಸಬಹುದು. ನೀರಿನಲ್ಲಿ ನೆನೆದದ್ದನ್ನು ಎಸೆಯಿರಿ. ಬಿಸಿಲಿಗೆ ಹರಡುವುದು, ಮಷಿನ್ ಮೇಲಿಡುವುದು, ಪ್ಲೇಟಿಗೆ ಅಂಟಿಸಿ ಕರೆಂಟ್ ಹರಿಸಿ ಕೆಂಪಗೆ ಕಾಯಿಸುವುದು ಇವು ಯಾವುವೂ ಒಣಗಿಸಿದಂತಲ್ಲ. ಕೊನೆಯದರಿಂದ ಲೇಪವೇ ಬಿರುಕು ಬಿಡುತ್ತದೆ. ಓವನ್ ಕೊಳ್ಳುವ ಖರ್ಚು ಒಂದು ಬಕೆಟ್ ತುಟಿಯನ್ನು ಎರಡನೆಯ ಸಲ ಬೆಸೆಯುವ ಖರ್ಚಿಗಿಂತ ಕಡಿಮೆ. ಇದನ್ನು ವರ್ಕ್‌ಶಾಪ್ ಮಾಲೀಕರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಎರಡನೆಯದು ಪ್ರೀಹೀಟ್. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕೈ ಇಡಲಾಗದಷ್ಟು ಕಾದ ಪ್ಲೇಟನ್ನು ತೋರಿಸಿ ‘ಇದಕ್ಕೆ ಇನ್ನೇನು ಬಿಸಿ ಬೇಕು’ ಎನ್ನುವುದನ್ನು ಕೇಳಿದ್ದೇನೆ. ಬಿಸಿಲು ಎಷ್ಟು ಕಾಯಿಸಿದರೂ ಅದು 125 ಡಿಗ್ರಿಯ ಹತ್ತಿರಕ್ಕೂ ಬರುವುದಿಲ್ಲ. 450 ದರ್ಜೆಯ ಪ್ಲೇಟು 20 ಮಿಮೀ ಮುಟ್ಟಿದ ಮೇಲೆ ಸುಮಾರು 125 ಡಿಗ್ರಿಯಿಂದ ಶುರು ಮಾಡಬೇಕಾಗುತ್ತದೆ. 500 ದರ್ಜೆಗೆ ಇನ್ನೂ ತೆಳುವಾದ ಪ್ಲೇಟಿನಲ್ಲೇ ಪ್ರೀಹೀಟ್ ಬೇಕು, ಅದೂ 175ರ ಆಸುಪಾಸು. ಖಚಿತ ಅಂಕಿಯನ್ನು ನಿಮ್ಮ ಪ್ಲೇಟಿನ ತಯಾರಕರ ಕೋಷ್ಟಕದಿಂದಲೇ ತೆಗೆದುಕೊಳ್ಳಿ. ಎರಡು ದರ್ಜೆಗಳನ್ನು ಜೋಡಿಸುವಾಗ ಹೆಚ್ಚು ಬಿಸಿ ಕೇಳುವ ಪ್ಲೇಟಿನ ಮಾತು ನಡೆಯಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ 25 ಡಿಗ್ರಿ ಸೇರಿಸಿ.

ಅಳೆಯುವ ಕ್ರಮದಲ್ಲೂ ತಪ್ಪು ಅಡಗಿರುತ್ತದೆ. ಜ್ವಾಲೆ ಹಿಡಿದ ಮುಖ 150 ತೋರಿಸುವಾಗ ಹಿಂಬದಿ 70 ಇರಬಹುದು. ಜ್ವಾಲೆ ತೆಗೆದು, ಪ್ರತಿ 25 ಮಿಮೀ ದಪ್ಪಕ್ಕೆ ಎರಡು ನಿಮಿಷ ಕಾದು, ಜೋಡಣೆಯಿಂದ 75 ಮಿಮೀ ದೂರದಲ್ಲಿ, ಸಾಧ್ಯವಾದರೆ ಹಿಂಬದಿಯಲ್ಲಿ ಅಳೆಯಿರಿ. ಹೊಳೆಯುವ ಮೇಲ್ಮೈಯನ್ನು ಇನ್‌ಫ್ರಾರೆಡ್ ಗನ್ ಕಡಿಮೆ ಓದುತ್ತದೆ. ಗೊತ್ತಾದ ಬಿಸಿಗೆ ಕರಗುವ ಟೆಂಪರೇಚರ್ ಚಾಕ್ ಹೆಚ್ಚು ನಂಬಿಕೆಗೆ ಅರ್ಹ. ಕಟಿಂಗ್ ನಾಜಲ್‌ನಿಂದ ಒಂದೇ ಜಾಗವನ್ನು ಕೆಂಪಾಗಿಸುವುದು ಪ್ರೀಹೀಟ್ ಅಲ್ಲ, ಪ್ಲೇಟಿನ ಗಡಸುತನವನ್ನು ಸುಡುವುದು. ಅಗಲ ಜ್ವಾಲೆಯ ಹೀಟಿಂಗ್ ನಾಜಲ್ ಬಳಸಿ. ಎಲ್‌ಪಿಜಿ ಜ್ವಾಲೆ ಹಿಡಿದ ಆರಂಭದಲ್ಲಿ ತಣ್ಣನೆಯ ಪ್ಲೇಟಿನ ಮೇಲೆ ನೀರಿನ ಪಸೆ ಕೂಡುತ್ತದೆ, ಅದು ಪೂರ್ತಿ ಆರುವ ತನಕ ನಿಲ್ಲಿಸಬೇಡಿ.

ಮೂರನೆಯದು ಎಳೆತ. ಇಲ್ಲಿ ಒಂದು ನಂಬಿಕೆಯನ್ನು ಬುಡಸಮೇತ ಕೀಳಬೇಕು: ಗಟ್ಟಿ ಪ್ಲೇಟಿಗೆ ಗಟ್ಟಿ ರಾಡ್ ಬೇಕು ಎಂಬುದು. 450 ದರ್ಜೆಯ ಪ್ಲೇಟು ಸುಮಾರು 1200 ಮೆಗಾಪಾಸ್ಕಲ್ (ಎಳೆತ ಅಳೆಯುವ ಮಾನ) ತನಕ ಶಾಶ್ವತವಾಗಿ ಬಾಗದೆ ತಡೆಯುತ್ತದೆ. 7018ರ ಕನಿಷ್ಠ ಮಿತಿ 400. ಇಷ್ಟು ಮೆದುವಾದ ಬೆಸುಗೆ ತಣಿಯುವಾಗ ತಾನೇ ಹಿಗ್ಗಿ ಎಳೆತವನ್ನು ನುಂಗಿಕೊಳ್ಳುತ್ತದೆ. ಪಕ್ಕದ ಪೆಡಸು ವಲಯವನ್ನು ಉಳಿಸುತ್ತದೆ. ಇದಕ್ಕಿಂತ ಬಹಳ ಬಲವಾದ 110 ಸರಣಿಯ ರಾಡ್ ಹಾಕಿದರೆ ಬೆಸುಗೆ ಹಿಗ್ಗುವುದಿಲ್ಲ, ಎಳೆತವೆಲ್ಲ ಪಕ್ಕಕ್ಕೆ ದಾಟಿ ಅಲ್ಲಿ ಬಿರಿಯುತ್ತದೆ. ರಾಡಿನ ಬಾಗುಮಿತಿ 500 ಮೆಗಾಪಾಸ್ಕಲ್ ದಾಟದಿರಲಿ ಎಂಬುದು ಈ ಉಕ್ಕಿಗೆ ಸಾಮಾನ್ಯ ನಿಯಮ.

ಎಳೆತ ಹೆಚ್ಚಿಸುವ ಇನ್ನಷ್ಟು ಅಭ್ಯಾಸಗಳಿವೆ. ಪ್ಲೇಟುಗಳ ನಡುವೆ 3 ಮಿಮೀಗಿಂತ ಹೆಚ್ಚು ಸಂದು ಬಿಟ್ಟು, ಸರಳು ತುಂಡು ತುರುಕಿ ಮುಚ್ಚುವುದು. ಮೂಲೆಯಲ್ಲೇ ಸಾಲು ನಿಲ್ಲಿಸಿ ಮೂಲೆಯಿಂದಲೇ ಮತ್ತೆ ಶುರು ಮಾಡುವುದು; ಆರಂಭ, ಅಂತ್ಯ ಎರಡೂ ಮೂಲೆಯಿಂದ 50ರಿಂದ 100 ಮಿಮೀ ದೂರವಿರಲಿ. ಮತ್ತು ಟ್ಯಾಕ್, ಅಂದರೆ ಪ್ಲೇಟನ್ನು ಜಾಗದಲ್ಲಿ ಹಿಡಿದಿಡಲು ಮೊದಲು ಹಾಕುವ ತುಂಡು ಬೆಸುಗೆ. ತಣ್ಣನೆಯ ದಪ್ಪ ಪ್ಲೇಟಿನ ಮೇಲೆ ಹಾಕಿದ ಹೆಬ್ಬೆರಳಿನಷ್ಟು ಟ್ಯಾಕ್ ಕ್ಷಣದಲ್ಲಿ ತಣಿದು, ಅಲ್ಲೇ ಸೂಕ್ಷ್ಮ ಬಿರುಕು ಹುಟ್ಟಿ, ಅದರ ಮೇಲೆ ಹಾಕಿದ ಚೆಂದದ ಬೆಸುಗೆಯೊಳಕ್ಕೆ ಬೆಳೆಯುತ್ತದೆ. 8 ಮಿಮೀಗಿಂತ ದಪ್ಪದ ಪ್ಲೇಟಿಗೆ ಟ್ಯಾಕ್ ಕನಿಷ್ಠ 50 ಮಿಮೀ ಉದ್ದ ಇರಬೇಕು, ಮುಖ್ಯ ಬೆಸುಗೆಯಷ್ಟೇ ಪ್ರೀಹೀಟ್ ಅದಕ್ಕೂ ಬೇಕು.

ಪ್ರೀಹೀಟ್ ಸಾಧ್ಯವೇ ಇಲ್ಲದ ಜಾಗ ಇದ್ದೇ ಇರುತ್ತದೆ: ಗಣಿಯ ಮೇಲೆ ನಿಂತ ಯಂತ್ರ, ಪಕ್ಕದಲ್ಲೇ ಹೈಡ್ರಾಲಿಕ್ ಹೋಸ್. ಅಲ್ಲಿ 307 ದರ್ಜೆಯ ಸ್ಟೇನ್‌ಲೆಸ್ ರಾಡ್ ಒಳ್ಳೆಯ ದಾರಿ. ಅದರ ಲೋಹ ಹೈಡ್ರೋಜನನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ಪಕ್ಕದ ವಲಯಕ್ಕೆ ಬಿಡುವುದಿಲ್ಲ, ತಾನೂ ಮೆದುವಾಗಿ ಹಿಗ್ಗುತ್ತದೆ. ಬೆಲೆ ಹೆಚ್ಚು. ಬಹಳ ದಪ್ಪದ ಪ್ಲೇಟಿಗೆ ಇದಕ್ಕೂ ಸ್ವಲ್ಪ ಪ್ರೀಹೀಟ್ ಬೇಕಾಗಬಹುದು. ಆ ಬೆಸುಗೆ ಆಯಸ್ಕಾಂತಕ್ಕೆ ಒಗ್ಗದ ಕಾರಣ ಆಯಸ್ಕಾಂತ ಕಣಗಳ ಪರೀಕ್ಷೆ ಬೆಸುಗೆಯ ಅಂಚಿನಲ್ಲಿ ಇಲ್ಲದ ಬಿರುಕನ್ನು ತೋರಿಸುತ್ತದೆ. ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರಾವಣದ ಪರೀಕ್ಷೆ ಮಾಡಿಸಿ. ಸ್ಟೇನ್‌ಲೆಸ್ ರಾಡಿನ ಹೊಗೆಯಲ್ಲಿ ವಿಷಕಾರಿ ಕ್ರೋಮಿಯಂ ಇರುತ್ತದೆ. ಬಕೆಟ್ಟಿನ ಒಳಗೆ ಕುಳಿತು ಹಾಕುವವರಿಗೆ ಗಾಳಿ ಎಳೆಯುವ ಫ್ಯಾನ್, ಮಾಸ್ಕ್ ಎರಡೂ ಕೊಡಲೇಬೇಕು.

ಈ ಬಿರುಕಿನ ದುರಸ್ತಿ ಹೀಗೆ. ದ್ರಾವಣ ಹಾಕಿ ಬಿರುಕಿನ ಎರಡೂ ತುದಿ ಗುರುತಿಸಿ, ತುದಿಯಾಚೆಗೂ ಸ್ವಲ್ಪ ದೂರ ತೆಗೆಯಿರಿ. ಗೌಜಿಂಗ್ (ಆರ್ಕ್‌ನಿಂದ ಲೋಹ ಕರಗಿಸಿ ತೋಡಿ ತೆಗೆಯುವುದು) ಮಾಡುವುದಾದರೆ ಅದಕ್ಕೂ ಪ್ರೀಹೀಟ್ ಬೇಕು, ಏಕೆಂದರೆ ಅದೂ ಆರ್ಕ್‌ನ ಶಾಖವೇ. ಕಾರ್ಬನ್ ಗೌಜಿಂಗ್ ಬಿಟ್ಟುಹೋದ ಇಂಗಾಲ ತುಂಬಿದ ಕಪ್ಪು ಪದರವನ್ನು ಗ್ರೈಂಡರ್‌ನಿಂದ ಹೊಳೆಯುವ ಲೋಹ ಬರುವ ತನಕ ಉಜ್ಜಿ. ಮತ್ತೆ ದ್ರಾವಣ ಹಾಕಿ, ಗೆರೆ ಉಳಿದಿಲ್ಲ ಎಂದು ಕಣ್ಣಾರೆ ನೋಡಿ. ದ್ರಾವಣದ ಎಣ್ಣೆಯನ್ನು ಪೂರ್ತಿ ತೊಳೆದು, ಕಾಯಿಸಿ, ಒಣಗಿದ ರಾಡಿನಿಂದ ನೇರ ಸಾಲುಗಳನ್ನು ಹಾಕಿ. ಮುಗಿದ ಮೇಲೆ 150ರಿಂದ 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಹಿಡಿದು, ಸೆರಾಮಿಕ್ ಹೊದಿಕೆ ಹೊದಿಸಿ ನಿಧಾನವಾಗಿ ತಣಿಸಿದರೆ ಉಳಿದ ಹೈಡ್ರೋಜನ್ ಹೊರಟುಹೋಗುತ್ತದೆ. ಬಾಯ್ಲರ್ ಕೆಲಸ ಬಲ್ಲವರು ಒತ್ತಡ ಬಿಡಿಸಲು 600 ಡಿಗ್ರಿಗೆ ಕಾಯಿಸೋಣ ಎನ್ನುತ್ತಾರೆ. ಬೇಡವೇ ಬೇಡ. ಆ ಶಾಖಕ್ಕೆ ದುಡ್ಡು ಕೊಟ್ಟು ತಂದ ಗಡಸುತನ ಪೂರ್ತಿ ಹೋಗುತ್ತದೆ.

ದೋಷ 2: ಬಿಸಿಯಿರುವಾಗಲೇ ಬೆಸುಗೆಯ ನಡುವೆ ಸೀಳು

ಬೆಸುಗೆಯ ಮೇಲಿನ ಸ್ಲ್ಯಾಗ್ (ಕಿಟ್ಟ) ತೆಗೆದ ಕೂಡಲೇ ಸಾಲಿನ ಮಧ್ಯದಲ್ಲಿ ಉದ್ದನೆಯ ಗೆರೆ, ಒಳಮುಖ ನೀಲಿ. ಇದಕ್ಕೂ ಹೈಡ್ರೋಜನ್‌ಗೂ ಸಂಬಂಧವಿಲ್ಲ. ಓವನ್ ಬಿಸಿ ಏರಿಸಿ ಪ್ರಯೋಜನವಿಲ್ಲ. ಲೋಹ ಹೆಪ್ಪುಗಟ್ಟುವ ಕೊನೆಯ ಕ್ಷಣದಲ್ಲಿ ನಡುವೆ ಉಳಿದ ತೆಳು ದ್ರವದ ಪದರ ಎಳೆತ ತಾಳದೆ ಬಾಯಿ ಬಿಡುತ್ತದೆ. ಸಾಲು ಅಗಲಕ್ಕಿಂತ ಆಳ ಹೆಚ್ಚಿದ್ದಾಗ, ಸಂದು ದೊಡ್ಡದಿದ್ದಾಗ, ಮೇಲ್ಮೈ ಒಳಕ್ಕೆ ಕುಸಿದ ತೆಳು ರೂಟ್ ಪಾಸ್ (ಸಂದಿನ ಬುಡದ ಮೊದಲ ಸಾಲು) ಹಾಕಿದಾಗ ಇದು ಬರುತ್ತದೆ. ಕರೆಂಟ್ ಸ್ವಲ್ಪ ಇಳಿಸಿ, ವೇಗ ತಗ್ಗಿಸಿ, ಸಾಲು ಸ್ವಲ್ಪ ಉಬ್ಬಿರುವಂತೆ ಹಾಕಿ. 310 ದರ್ಜೆಯ ಸ್ಟೇನ್‌ಲೆಸ್ ರಾಡ್ ಈ ದೋಷಕ್ಕೆ ಬೇಗ ತುತ್ತಾಗುತ್ತದೆ, 307ಕ್ಕೆ ಬದಲಿಸಿ. ಸಾಲಿನ ಕೊನೆಯ ಗುಳಿಯಲ್ಲಿ ಮಾತ್ರ ನಕ್ಷತ್ರದಂಥ ಬಿರುಕು ಇದ್ದರೆ ರಾಡನ್ನು ತಟ್ಟನೆ ಎತ್ತಿದ್ದೇ ಕಾರಣ. ಸ್ವಲ್ಪ ಹಿಂದಕ್ಕೆ ಬಂದು ಗುಳಿ ತುಂಬಿಸಿ ಎತ್ತಬೇಕು.

ದೋಷ 3: ಬೆಸುಗೆಗೆ ಅಡ್ಡವಾಗಿ ಸೀಳು

ಜೋಡಣೆಯ ಬೆಸುಗೆಯಲ್ಲಿ ಅಡ್ಡ ಸೀಳು ಕಂಡರೆ ಬೆಸುಗೆ ಲೋಹವೇ ಅತಿ ಗಟ್ಟಿಯಾಗಿದೆ ಎಂದು ಅರ್ಥ: ರಾಡ್ ತಪ್ಪು, ಅಥವಾ ಪ್ಲೇಟಿನ ಲೋಹ ಹೆಚ್ಚು ಕರಗಿ ಬೆರೆತಿದೆ. ಮೊದಲ ಸಾಲುಗಳನ್ನು ಸಣ್ಣ ರಾಡಿನಿಂದ, ಕಡಿಮೆ ಕರೆಂಟಿನಲ್ಲಿ ಹಾಕಿ.

ಆದರೆ ಸವೆತ ತಡೆಯಲು ಬೆಸುಗೆಯ ಮೇಲೆ ಹಾಕಿದ ಗಟ್ಟಿ ಪದರದಲ್ಲಿ, ಅಂದರೆ ಹಾರ್ಡ್‌ಫೇಸಿಂಗ್‌ನಲ್ಲಿ, ಇಂಚಿಗೊಂದರಂತೆ ಅಡ್ಡ ಬಿರುಕು ಕಂಡರೆ ಗಾಬರಿ ಬೇಡ. ಕ್ರೋಮಿಯಂ ಕಾರ್ಬೈಡ್ ಪದರ ಹಾಗೆ ಬಿರಿದೇ ತನ್ನ ಎಳೆತ ಕಳೆದುಕೊಳ್ಳುತ್ತದೆ. ಆ ಬಿರುಕುಗಳು ಕೆಳಗಿನ ಪ್ಲೇಟಿಗೆ ಇಳಿಯಬಾರದು, ಅಷ್ಟೇ. ಅದಕ್ಕೆ ಹಾರ್ಡ್‌ಫೇಸಿಂಗ್‌ಗೂ ಪ್ಲೇಟಿಗೂ ನಡುವೆ 307 ಅಥವಾ 7018ರ ಒಂದು ಮೆತ್ತನೆಯ ಪದರ ಇರಲೇಬೇಕು.

ದೋಷ 4: ಬೆಸುಗೆಯಿಂದ ದೂರದಲ್ಲಿ, ಕತ್ತರಿಸಿದ ಅಂಚಿನಲ್ಲಿ

ಬೆಸುಗೆ ಹಾಕಿದವರನ್ನು ಬೈಯುವ ಮೊದಲು ಗ್ಯಾಸ್ ಕಟಿಂಗ್ ಅಂಚು ನೋಡಿ. ಕತ್ತರಿಸಿದ ಅಂಚೂ ಕಾದು ತಣಿದು ಪೆಡಸಾಗಿರುತ್ತದೆ. ಅಲ್ಲಿನ ಬಿರುಕು ಎರಡು ದಿನಕ್ಕೂ ಬರಬಹುದು, ಕೆಲವು ವಾರಗಳ ನಂತರವೂ ಬರಬಹುದು. ಪ್ಲೇಟು ದಪ್ಪವಾದಷ್ಟೂ ಗಟ್ಟಿಯಾದಷ್ಟೂ ಅಪಾಯ ಹೆಚ್ಚು. ದಪ್ಪ ಪ್ಲೇಟನ್ನು ಪ್ರೀಹೀಟ್ ಮಾಡಿ ಕತ್ತರಿಸಿ, ಇಲ್ಲವೇ ವೇಗ ತಗ್ಗಿಸಿ, ಕತ್ತರಿಸಿದ ಮೇಲೆ ಹೊದಿಸಿ ತಣಿಸಿ. ಬೆಸುಗೆ ಬರುವ ಅಂಚನ್ನು ಒಂದೆರಡು ಮಿಲಿಮೀಟರ್ ಉಜ್ಜಿ ತೆಗೆಯಿರಿ. ಚಿಕ್ಕ ತುಂಡುಗಳಲ್ಲಿ ತೊಂದರೆ ಬೇರೆಯದು: ಕತ್ತರಿಸುವ ಶಾಖಕ್ಕೆ ತುಂಡು ಪೂರ್ತಿ ಕಾದು ಮೆತ್ತಗಾಗುತ್ತದೆ. ಅವನ್ನು ಪ್ಲಾಸ್ಮಾದಲ್ಲಿ, ಅನುಕೂಲವಿದ್ದರೆ ನೀರಿನೊಳಗೆ ಕತ್ತರಿಸುವುದು ಲೇಸು.

ದೋಷ 5: ಬೆಸುಗೆ ಬಿರಿದಿಲ್ಲ, ಪಕ್ಕದ ಪ್ಲೇಟು ತೋಡಿನಂತೆ ಸವೆದಿದೆ

ಇದು ಬಿರುಕಲ್ಲ, ಹಾಗಾಗಿ ಯಾರೂ ದೋಷ ಎಂದು ಬರೆಯುವುದೇ ಇಲ್ಲ. ಜೋಡಣೆಯ ಗುಣ ಅರಿಯಲು ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಪ್ಲೇಟಿನ ಗಡಸುತನ ನೀರಿನಲ್ಲಿ ತಣಿಸಿದ್ದರಿಂದ ಬಂದದ್ದು. ಅದನ್ನು ಮತ್ತೆ 250 ಡಿಗ್ರಿಗಿಂತ ಮೇಲಕ್ಕೆ ಕಾಯಿಸಿದಷ್ಟೂ ಗಡಸುತನ ಇಳಿಯುತ್ತದೆ. ಬೆಸುಗೆಯ ಪಕ್ಕದಲ್ಲಿ ಶಾಖ ಹಂತಹಂತವಾಗಿ ಇಳಿಯುವುದರಿಂದ ವಲಯಗಳಾಗುತ್ತವೆ. ಕರಗಿದ ಗೆರೆಗೆ ಅಂಟಿದ ಭಾಗ ಮತ್ತೆ ತಟ್ಟನೆ ತಣಿದು ಗಟ್ಟಿಯಾಗಿ, ದಪ್ಪ ಕಣದ್ದಾಗಿ ಉಳಿಯುತ್ತದೆ. ಹೈಡ್ರೋಜನ್ ಬಿರುಕು ಹುಟ್ಟುವುದು ಇಲ್ಲಿ. ಅದರಾಚೆ, ಪೂರ್ತಿ ರೂಪಾಂತರವಾಗುವಷ್ಟು ಕಾಯದೆ ಬರೀ ಬೇಯುವಷ್ಟು ಕಾದ ಪಟ್ಟಿ ಎಲ್ಲಕ್ಕಿಂತ ಮೆತ್ತಗಾಗುತ್ತದೆ. 450 ಇದ್ದ ಗಡಸುತನ ಅಲ್ಲಿ 300ರ ಆಸುಪಾಸಿಗೆ ಇಳಿಯುವುದುಂಟು. ಅದಿರು ಆ ಪಟ್ಟಿಯನ್ನು ಮೊದಲು ತಿನ್ನುತ್ತದೆ. ಬೆಸುಗೆಯ ಅಂಚಿನಿಂದ ಲಂಬವಾಗಿ 3 ಮಿಮೀಗೊಂದರಂತೆ ಗಡಸುತನ ಅಳೆಯುತ್ತ ಹೋದರೆ ತಗ್ಗು ಎಲ್ಲಿದೆ, ಎಷ್ಟು ಅಗಲವಿದೆ ಎಂದು ತಿಳಿಯುತ್ತದೆ.

ಈ ಪಟ್ಟಿಯನ್ನು ಇಲ್ಲವಾಗಿಸಲು ಆಗದು, ಕಿರಿದಾಗಿಸಬಹುದು. ಅದರ ಅಗಲ ನಿರ್ಧಾರವಾಗುವುದು ಪ್ರತಿ ಮಿಲಿಮೀಟರ್ ಬೆಸುಗೆಗೆ ಸುರಿದ ಶಾಖದಿಂದ. ವೋಲ್ಟೇಜ್ ಮತ್ತು ಕರೆಂಟ್ ಗುಣಿಸಿ, 60ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಮಿಲಿಮೀಟರ್ ಸಾಗಿತು ಎಂಬುದರಿಂದಲೂ 1000ದಿಂದಲೂ ಭಾಗಿಸಿ, ರಾಡ್ ಅಥವಾ ಮಿಗ್ (ಅನಿಲದ ಹೊದಿಕೆಯಲ್ಲಿ ತಂತಿಯಿಂದ ಹಾಕುವ) ಬೆಸುಗೆಯಾದರೆ 0.8ರಿಂದ ಗುಣಿಸಿ. 24 ವೋಲ್ಟ್, 160 ಆಂಪಿಯರ್, ನಿಮಿಷಕ್ಕೆ 150 ಮಿಮೀ ವೇಗಕ್ಕೆ ಸುಮಾರು 1.2 ಕಿಲೋಜೌಲ್ ಬರುತ್ತದೆ. ಅದೇ ಕರೆಂಟಿನಲ್ಲಿ ಅಗಲವಾಗಿ ಆಡಿಸುತ್ತ ನಿಮಿಷಕ್ಕೆ 60 ಮಿಮೀ ಸಾಗಿದರೆ 3 ಕಿಲೋಜೌಲ್ ದಾಟುತ್ತದೆ. 8 ಮಿಮೀ ಪ್ಲೇಟಿಗೆ ಇಷ್ಟು ಶಾಖ ಸುರಿದರೆ ಮೆತ್ತನೆಯ ಪಟ್ಟಿ ಅಗಲವಾಗಿ ಹರಡುತ್ತದೆ. ದಪ್ಪ ಪ್ಲೇಟಿನಲ್ಲಿ ವಿರುದ್ಧ ಅಪಾಯವಿದೆ: ಶಾಖ ತೀರಾ ಕಡಿಮೆಯಾದರೆ ಬೇಗ ತಣಿದು ಪೆಡಸಾಗುತ್ತದೆ. ಎಸ್‌ಎಸ್‌ಎಬಿ ಪ್ರೀಹೀಟ್ ಅಂಕಿಗಳನ್ನು 1.7 ಕಿಲೋಜೌಲ್ ಲೆಕ್ಕದಲ್ಲಿ ಕೊಡುತ್ತದೆ. ಅದಕ್ಕಿಂತ ಕಡಿಮೆ ಶಾಖಕ್ಕೆ 25 ಡಿಗ್ರಿ ಹೆಚ್ಚು ಪ್ರೀಹೀಟ್ ಹೇಳುತ್ತದೆ. ಒಂದು ಸಾಲಿನ ಮೇಲೆ ಇನ್ನೊಂದು ಹಾಕುವಾಗ ಬಿಸಿ 225 ಡಿಗ್ರಿ ದಾಟಬಾರದು ಎಂಬುದು 400, 450, 500 ದರ್ಜೆಯ ಹಾರ್ಡಾಕ್ಸ್‌ಗೆ ಅದೇ ಕಂಪನಿಯ ಮಿತಿ. ವೆಲ್ಡರ್ ಪಕ್ಕದಲ್ಲಿ ಚಾಕ್ ಇದ್ದು, ಒಂದು ಸಾಲು ತಣಿಯುವಾಗ ಇನ್ನೊಂದು ಕಡೆ ಕೆಲಸ ಮಾಡುವ ಕ್ರಮ ಹಾಕಿಕೊಂಡರೆ ಹೊತ್ತು ವ್ಯರ್ಥವಾಗುವುದಿಲ್ಲ.

ಬೆಸುಗೆಯೂ ಪಕ್ಕದ ಪಟ್ಟಿಯೂ ಪ್ಲೇಟಿಗಿಂತ ಮೆದು ಎಂದ ಮೇಲೆ, ಜೋಡಣೆ ಎಲ್ಲಿ ಬರಬೇಕು ಎಂಬುದು ನಕ್ಷೆಯಲ್ಲೇ ತೀರ್ಮಾನವಾಗಬೇಕು. ಅದಿರು ಜಾರುವ ದಿಕ್ಕಿಗೆ ಉದ್ದವಾದ ಜೋಡಣೆ ಇದ್ದರೆ ಅದು ಕಾಲುವೆಯಾಗುತ್ತದೆ. ಲೈನರ್‌ಗಳನ್ನು ಇಟ್ಟಿಗೆ ಗೋಡೆಯ ಸಾಲಿನಂತೆ ಸಂದು ತಪ್ಪಿಸಿ ಜೋಡಿಸಿ. ಸವೆತ ಹೆಚ್ಚಿರುವ ಬೆಸುಗೆಗೆ ಕೊನೆಯ ಒಂದೆರಡು ಸಾಲು ಮಾತ್ರ ಹಾರ್ಡ್‌ಫೇಸಿಂಗ್ ಹಾಕಬಹುದು. ಹೊರೆ ಹೊರುವ ತೊಲೆಯ ನಡುಭಾಗದಲ್ಲಿ, ಎಳೆತ ಅತಿ ಹೆಚ್ಚಿರುವಲ್ಲಿ ಅಡ್ಡ ಜೋಡಣೆ ಇಡಲೇಬಾರದು. 1200 ಮೆಗಾಪಾಸ್ಕಲ್ ಪ್ಲೇಟು ಎಂದು ಲೆಕ್ಕ ಹಾಕಿದ್ದರೂ ಅಲ್ಲಿ ನಿಂತಿರುವುದು 400ರ ಬೆಸುಗೆ.

ದೋಷ 6: ತಿಂಗಳುಗಳ ನಂತರ ಬಂದ ಬಿರುಕು

ಟಿಪ್ಪರ್ ತೊಟ್ಟಿಯ ಅಡ್ಡಪಟ್ಟಿ ಮುಗಿಯುವ ಜಾಗ, ಬಕೆಟ್ ಕಿವಿಯ ಬುಡ. ಬೆಸುಗೆಯ ಅಂಚಿನಿಂದ ಹೊರಟು ನಿಧಾನವಾಗಿ ಪ್ಲೇಟಿನೊಳಗೆ ಹೋಗಿರುತ್ತದೆ, ಮುಖ ನುಣುಪು. ಇದು ಹೊರೆ ಏರಿ ಇಳಿದು ಬಂದ ದಣಿವಿನ ಬಿರುಕು. ಇಲ್ಲಿ ಒಂದು ಕಹಿ ಸತ್ಯವಿದೆ: ಉಕ್ಕು ಎಷ್ಟು ಬಲವಾದದ್ದಾದರೂ ಬೆಸೆದ ಜೋಡಣೆಯ ದಣಿವಿನ ಶಕ್ತಿ ಹೆಚ್ಚುವುದಿಲ್ಲ. ಅದು ಜೋಡಣೆಯ ಆಕಾರವನ್ನು ಅವಲಂಬಿಸಿದೆ. ತೂಕ ಉಳಿಸಲೆಂದು 8 ಮಿಮೀ ಮೈಲ್ಡ್ ಸ್ಟೀಲ್ ಬದಲು 5 ಮಿಮೀ ಗಟ್ಟಿ ಪ್ಲೇಟು ಹಾಕಿದಾಗ ಒತ್ತಡ ಏರುತ್ತದೆ, ಬೆಸುಗೆಯ ಅಂಚು ಮಾತ್ರ ಹಿಂದಿನಷ್ಟೇ ತಾಳುತ್ತದೆ.

ಅದೇ ಜಾಗದಲ್ಲಿ ಕೆತ್ತಿ ತುಂಬಿದರೆ ಅಷ್ಟೇ ತಿಂಗಳಲ್ಲಿ ಮತ್ತೆ ಬರುತ್ತದೆ. ಪಟ್ಟಿಯ ತುದಿಯನ್ನು ಚೌಕವಾಗಿ ನಿಲ್ಲಿಸದೆ ಇಳಿಜಾರಾಗಿ ತೆಳುವಾಗಿಸಿ, ಬೆಸುಗೆಯನ್ನು ತುದಿಯ ಸುತ್ತ ನಿಲ್ಲಿಸದೆ ಸುತ್ತಿಸಿ. ಅಂಚಿನ ಅಂಡರ್‌ಕಟ್ (ಬೆಸುಗೆಯ ಪಕ್ಕ ಪ್ಲೇಟು ಕರಗಿ ಉಳಿದ ತೋಡು) ಹೋಗುವ ತನಕ ಸಣ್ಣ ಬರ್ ಗ್ರೈಂಡರ್‌ನಿಂದ ನಯವಾಗಿ ಇಳಿಜಾರು ಮಾಡಿ. ಗ್ರೈಂಡರ್ ಗೀರುಗಳು ಹೊರೆಯ ದಿಕ್ಕಿಗೆ ಉದ್ದವಾಗಿರಲಿ, ಅಡ್ಡವಾಗಿದ್ದರೆ ಅವೇ ಹೊಸ ಬಿರುಕಿನ ಬೀಜ. ಪ್ಲೇಟಿನ ಮೇಲೆ ಅಲ್ಲಲ್ಲಿ ರಾಡ್ ತಗುಲಿಸಿ ಕಿಡಿ ಹಚ್ಚಿದ ಚುಕ್ಕೆಗಳನ್ನೂ ಉಜ್ಜಿ ತೆಗೆಯಿರಿ. ಕ್ಷಣದಲ್ಲಿ ಕಾದು ಕ್ಷಣದಲ್ಲಿ ತಣಿದ ಆ ಚುಕ್ಕೆಯೊಳಗೆ ಸೂಕ್ಷ್ಮ ಬಿರುಕು ಇದ್ದೇ ಇರುತ್ತದೆ ಎಂದು ಭಾವಿಸುವುದು ಕ್ಷೇಮ.

ರಂಧ್ರಗಳು

ಮಿಗ್ ಬೆಸುಗೆಯಲ್ಲಿ ಸೂಜಿಮೊನೆಯ ರಂಧ್ರ ಕಂಡರೆ ಮೊದಲು ಗಾಳಿ ತಡೆಯಿರಿ. ತೆರೆದ ಅಂಗಳದ ಮಂದ ಗಾಳಿಯೂ ಆರ್ಗಾನ್ ಹೊದಿಕೆಯನ್ನು ಹಾರಿಸುತ್ತದೆ. ನಂತರ ಪ್ಲೇಟಿನ ಪ್ರೈಮರ್, ಎಣ್ಣೆ, ಕೊನೆಗೆ ಗ್ಯಾಸ್ ಹೋಸ್ ಸೋರಿಕೆ ನೋಡಿ. 7018ರಲ್ಲಿ ಸಾಲಿನ ಆರಂಭದಲ್ಲಿ ಮಾತ್ರ ರಂಧ್ರ ಇದ್ದರೆ ಆರ್ಕ್ ಉದ್ದ ಹೆಚ್ಚಾಗಿದೆ, ಹತ್ತಿರ ಹಿಡಿಯಿರಿ. ಸಾಲಿನುದ್ದಕ್ಕೂ ಇದ್ದರೆ ರಾಡ್ ತೇವವಾಗಿದೆ. ಅಂಥ ಬೆಸುಗೆಯಲ್ಲಿ ರಂಧ್ರ ತುಂಬಿ ಸುಮ್ಮನಾಗಬೇಡಿ: ರಂಧ್ರ ಮಾಡಿದ ಅದೇ ತೇವ ಹೈಡ್ರೋಜನನ್ನೂ ಒಳಗೆ ಬಿಟ್ಟಿರುತ್ತದೆ. ಆ ಜೋಡಣೆಯನ್ನು 48 ಗಂಟೆ ಬಿಟ್ಟು, ದೋಷ 1ರಲ್ಲಿ ಹೇಳಿದಂತೆ ಅಂಚಿನುದ್ದಕ್ಕೂ ಪರೀಕ್ಷಿಸಿ, ಆಮೇಲೆ ಮಾತ್ರ ಟಿಪ್ಪರ್ ಕೀಲಿಯನ್ನು ಚಾಲಕರಿಗೆ ಕೊಡಿ.